ಅಮ್ಮನ ಬೆನ್ನು, ಶುಜೆಂಜಿಯ ಬಿಸಿನೀರು

ಅಮ್ಮ ಟೋಕಿಯೊಗೆ ಬಂದು ಹದಿನೈದು ದಿನವಾಗಿತ್ತು. ನಿಶಿಕಸಾಯಿಯಲ್ಲಿ ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತಿ ಬಂದು ಮಂಡಿ ಹಿಡಿದುಕೊಂಡು ಕೂರುತ್ತಿದ್ದಳು. ಸ್ನಾನದ ಕೋಣೆಯಲ್ಲಿ ಪುಟ್ಟ ಟಬ್ಬಿದೆ. ಅದನ್ನು ನೋಡಿ, 'ಇದ್ರಲ್ಲಿ ಕೂತ್ರೆ ಏಳೋದು ಹೆಂಗೆ ಮಾರಾಯ್ತಿ?' ಅಂತ ಷವರಿನಲ್ಲೇ ಮುಗಿಸಿ ಬರುತ್ತಿದ್ದಳು. ಸಾಗರದ ಹತ್ತಿರ ನಮ್ಮೂರು. ಮನೆಯ ಬಚ್ಚಲಲ್ಲಿ ಈಗಲೂ ತಾಮ್ರದ ಹಂಡೆ ಇದೆ, ಒಲೆಗೆ ಅಡಿಕೆ ಸಿಪ್ಪೆ ಹಾಕುತ್ತಾರೆ. ಅರವತ್ತೇಳು ವರ್ಷ ಆ ನೀರಿಗೆ ಒಗ್ಗಿದ ಮೈ ಅವಳದು. ಈ ಸಲ ದೀಪಾವಳಿಯ ನೀರು ತುಂಬುವ ಹಬ್ಬ ಮುಗಿಸಿಕೊಂಡೇ ವಿಮಾನ ಹತ್ತಿದ್ದಳು. 'ಇಲ್ಲಿನ ನೀರು ಮೈಗೆ ಹತ್ತೋದೇ ಇಲ್ಲ' ಅಂತ ಒಂದು ದಿನ ಹೇಳಿದಳು. ಅವತ್ತೇ ರಾತ್ರಿ ಅವಳನ್ನು ಒನ್ಸೆನ್‌ಗೆ ಕರೆದುಕೊಂಡು ಹೋಗಬೇಕು ಅಂತ ತೀರ್ಮಾನ ಮಾಡಿದೆ.

ಒನ್ಸೆನ್ ಅಂದರೆ ನೆಲದಿಂದ ಬರುವ ಬಿಸಿನೀರು. ಜಪಾನಿನಲ್ಲಿ ಇದಕ್ಕೆ 1948ರಿಂದ ಕಾನೂನೇ ಇದೆ. ಊಟೆಯ ಬಳಿ ನೀರು 25 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. ಅಷ್ಟಿಲ್ಲದಿದ್ದರೆ ಕಾನೂನು ಹೇಳುವ 19 ಅಂಶಗಳಲ್ಲಿ ಒಂದಾದರೂ ಬೇಕಾದಷ್ಟು ಪ್ರಮಾಣದಲ್ಲಿರಬೇಕು. ಆಗಲೇ ಅದನ್ನು ಒನ್ಸೆನ್ ಅನ್ನಬಹುದು. ಇಂಥ ನೀರಿರುವ ಊರುಗಳಲ್ಲಿ ರ್ಯೋಕಾನ್‌ಗಳು, ಅಂದರೆ ಹಳೇ ಪದ್ಧತಿಯ ತಂಗುಮನೆಗಳು ಇರುತ್ತವೆ. ಯಾಮಾನಾಶಿಯ ಬೆಟ್ಟದಲ್ಲಿ 705ರಲ್ಲಿ ಶುರುವಾದ ಒಂದು ರ್ಯೋಕಾನ್ ಇನ್ನೂ ನಡೆಯುತ್ತಿದೆ. ಜಗತ್ತಿನ ಅತಿ ಹಳೆಯ ಹೋಟೆಲ್ ಅಂತ ಗಿನ್ನೆಸ್‌ನವರು ದಾಖಲಿಸಿರುವುದು ಅದನ್ನೇ. ನಾನು ಆರಿಸಿದ್ದು ಇಜು ಪರ್ಯಾಯ ದ್ವೀಪದ ಶುಜೆಂಜಿ. ಟೋಕಿಯೊಗೆ ಹತ್ತಿರ, ಊರು ಚಿಕ್ಕದು, ನಡೆಯುವ ದಾರಿ ಹೆಚ್ಚು ಕಡಿಮೆ ಸಮತಟ್ಟು. ಅಮ್ಮನ ಮಂಡಿಗೆ ಅದೇ ಮುಖ್ಯವಾಗಿತ್ತು.

ಬುಕ್ ಮಾಡುವುದೇ ಒಂದು ದೊಡ್ಡ ಕೆಲಸವಾಯಿತು. ರ್ಯೋಕಾನ್‌ನಲ್ಲಿ ಲೆಕ್ಕ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ. ರಾತ್ರಿ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ಊಟವೇ ಅಲ್ಲಿನ ಅರ್ಧ ಹೆಗ್ಗಳಿಕೆ. ನಮಗೆ ತೊಡಕಾಗಿದ್ದೂ ಅದೇ. ಜಪಾನೀ ಅಡುಗೆಯ ತಳಹದಿ ದಾಶಿ ಎಂಬ ಕಟ್ಟು, ಅದನ್ನು ಹೆಚ್ಚಾಗಿ ಒಣಗಿಸಿದ ಕತ್ಸುಓ ಮೀನಿನ ಚಕ್ಕೆಯಿಂದ ತೆಗೆಯುತ್ತಾರೆ. ಸಾರು, ಪಲ್ಯ, ಅದ್ದಿಕೊಳ್ಳುವ ರಸ, ಎಲ್ಲದರಲ್ಲೂ ಅದು ಇರುತ್ತದೆ. ಬರೀ ತರಕಾರಿಯಂತೆ ಕಾಣುವುದರಲ್ಲೂ ಇರುತ್ತದೆ. ಎರಡು ಕಡೆಯವರು 'ಕ್ಷಮಿಸಿ, ನಮ್ಮಿಂದ ಆಗದು' ಅಂತ ಬರೆದರು. ಆಗದ್ದನ್ನು ಮೊದಲೇ ಹೇಳಿದ್ದು ಒಳ್ಳೆಯದೇ ಆಯಿತು. ಮೂರನೇ ಮನೆಯವರು ಎರಡು ದಿನ ಬಿಟ್ಟು ಉತ್ತರ ಕೊಟ್ಟರು. ಕೊಂಬು ಎಂಬ ಕಡಲ ಪಾಚಿ ಮತ್ತು ಒಣ ಶಿಟಾಕೆ ಅಣಬೆಯಿಂದ ದಾಶಿ ಮಾಡುತ್ತೇವೆ, ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆ ನಮ್ಮ ಅಡುಗೆಯವರಿಗೆ ಗೊತ್ತು ಅಂದರು. ಆಮೇಲೆ ಅವರೇ ಕೇಳಿದರು: ತಾಯಿಯವರು ಅಣಬೆ ತಿನ್ನುತ್ತಾರಾ? ಮೊಟ್ಟೆ? ಬೆಳ್ಳುಳ್ಳಿ? ಹಾಲು? ಒಂದೊಂದಕ್ಕೂ ಉತ್ತರ ಬರೆದೆ.

ಇನ್ನೊಂದು ಪ್ರಶ್ನೆ ನಾನು ಕೇಳಬೇಕಿತ್ತು. ಅಮ್ಮನ ಎಡ ಮುಂಗೈ ಮೇಲೆ ಹಚ್ಚೆ ಇದೆ. ಒಂಬತ್ತು ವರ್ಷದವಳಿದ್ದಾಗ ಜಾತ್ರೆಯಲ್ಲಿ ಹಾಕಿಸಿದ್ದು. ಒಂದು ತುಳಸಿ ಕಟ್ಟೆ, ಸುತ್ತ ಚುಕ್ಕಿ. ಜಪಾನಿನಲ್ಲಿ ಹಚ್ಚೆಯನ್ನು ಯಾಕುಜಾ ಎಂಬ ಅಪರಾಧಿ ಗುಂಪುಗಳ ಗುರುತು ಅಂತ ನೋಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬಹಳಷ್ಟು ಸ್ನಾನಗೃಹಗಳಲ್ಲಿ ಹಚ್ಚೆ ಇದ್ದವರನ್ನು ಬಿಡುವುದಿಲ್ಲ. ಫೋಟೊ ಕಳಿಸಿ, ಇದು ನಮ್ಮ ಕಡೆ ಹೆಂಗಸರು ಶುಭಕ್ಕೆ ಹಾಕಿಸಿಕೊಳ್ಳುವುದು ಅಂತ ಬರೆದೆ. ಮೈ ಬಣ್ಣದ ಒಂದು ಪಟ್ಟಿ ಕೊಡುತ್ತೇವೆ, ಅಂಟಿಸಿಕೊಂಡು ಬನ್ನಿ, ಅದೂ ಬೇಡ ಅಂದರೆ ಕೋಣೆಯದೇ ಸ್ನಾನದ ತೊಟ್ಟಿ ಇದೆ ಅಂತ ಉತ್ತರ ಬಂತು.

ಟೋಕಿಯೊದಿಂದ ಮಿಶಿಮಾಗೆ ಕೊದಾಮಾ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಚಿಕ್ಕ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಕೊನೆಗೆ ಹತ್ತು ನಿಮಿಷದ ಬಸ್ಸು. ನವೆಂಬರ್ ಕೊನೆ. ಕತ್ಸುರಾ ಹೊಳೆಯ ಎರಡೂ ದಡದಲ್ಲಿ ಮೇಪಲ್ ಮರಗಳು ಕೆಂಪಾಗಿದ್ದವು. ಹೊಳೆಗೆ ಅಡ್ಡಲಾಗಿ ಕೆಂಪು ಬಣ್ಣದ ಮರದ ಸೇತುವೆಗಳು. 'ನಮ್ಮೂರ ಹಳ್ಳದ ಹಾಗೇ ಇದೆ, ಸದ್ದು ಕೇಳು' ಅಂದಳು ಅಮ್ಮ.

ಮೂರು ಗಂಟೆಗೆ ಬಾಗಿಲಲ್ಲಿ ಇಬ್ಬರು ಕಾಯುತ್ತಿದ್ದರು. ಚಪ್ಪಲಿ ಅಲ್ಲೇ ಬಿಡಬೇಕು. ಅಮ್ಮನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಹಜಾರ ದಾಟಿ ಕೋಣೆಗೆ ಹೋದೆವು. ಕೋಣೆಗೆ ನಂಬರಿಲ್ಲ, ಒಂದು ಹೂವಿನ ಹೆಸರಿದೆ. ನೆಲಕ್ಕೆ ತತಾಮಿ ಚಾಪೆ, ಜೊಂಡಿನ ಹಸಿ ವಾಸನೆ. ಗೋಡೆಯ ಒಂದು ಗೂಡಿನಲ್ಲಿ ತೂಗು ಬರಹ, ಅದರ ಕೆಳಗೆ ಒಂದೇ ಒಂದು ಹೂವು. ನಮ್ಮನ್ನು ನೋಡಿಕೊಳ್ಳುವ ಹೆಂಗಸು, ಅವರನ್ನು ನಕಾಯಿ-ಸಾನ್ ಅನ್ನುತ್ತಾರೆ, ಮಂಡಿಯೂರಿ ಕೂತು ಚಹಾ, ಸಣ್ಣ ಸಿಹಿ ಇಟ್ಟರು. ಊಟ ಎಷ್ಟು ಹೊತ್ತಿಗೆ ಬೇಕು ಅಂತ ಕೇಳಿದರು. ಆರು ಗಂಟೆಗೆ ಅಂದೆ. ಮೇಜು ತುಂಬಾ ತಗ್ಗು, ಕಾಲಿಲ್ಲದ ಕುರ್ಚಿ. ಅಮ್ಮ ಕಂಬ ಹಿಡಿದು, ಒಂದು ಕೈ ನೆಲಕ್ಕೆ ಊರಿ, ನಿಧಾನಕ್ಕೆ ಕೂತಳು. ನಕಾಯಿ-ಸಾನ್ ಏನೂ ಹೇಳಲಿಲ್ಲ.

ಆಮೇಲೆ ಯುಕಾತಾ ಉಡುವುದು. ಇದು ಹತ್ತಿಯ ನಿಲುವಂಗಿ, ಸೊಂಟಕ್ಕೆ ಓಬಿ ಎಂಬ ಪಟ್ಟಿ ಕಟ್ಟಬೇಕು. ರ್ಯೋಕಾನ್‌ನಲ್ಲಿ ಸ್ನಾನಕ್ಕೆ, ಊಟಕ್ಕೆ, ಊರು ಸುತ್ತಲು, ಮಲಗಲು ಎಲ್ಲಕ್ಕೂ ಇದೇ. ಅಮ್ಮ ತಾನೇ ಸುತ್ತಿಕೊಂಡಳು. ಬಲಗಡೆಯ ಅಂಚು ಮೇಲೆ ಬಂದಿತ್ತು. ನಕಾಯಿ-ಸಾನ್ ಮೆಲ್ಲಗೆ ಹತ್ತಿರ ಬಂದು, ಎರಡೂ ಅಂಚು ಬಿಡಿಸಿ, ಎಡಗಡೆಯದನ್ನು ಮೇಲೆ ತಂದು ಕಟ್ಟಿದರು. ಬಲಗಡೆಯದು ಮೇಲೆ ಬರುವಂತೆ ಸುತ್ತುವುದು ಸತ್ತವರಿಗೆ ಮಾತ್ರ ಅಂತ ನಾನು ಹೇಳಿದೆ. ಅಮ್ಮ ತಲೆಯಾಡಿಸಿದಳು. 'ನಮ್ಮಲ್ಲೂ ಹಂಗೇ ಅಲ್ವಾ? ಸಾವಿನ ಕೆಲಸಕ್ಕೆ ಎಲ್ಲ ಉಲ್ಟಾ.' ಆಮೇಲೆ ನಕಾಯಿ-ಸಾನ್ ಕಡೆ ತಿರುಗಿ, ಕನ್ನಡದಲ್ಲೇ, 'ಸರಿ ಮಾಡಿದ್ರಿ, ಪುಣ್ಯ ಬರ್ಲಿ' ಅಂದಳು. ಅವರು ತಲೆ ಬಾಗಿಸಿದರು.

ದೊಡ್ಡ ಸ್ನಾನಗೃಹಕ್ಕೆ ಅವತ್ತು ಅಮ್ಮ ಬರಲಿಲ್ಲ. ಅಲ್ಲಿ ಮೈಮೇಲೆ ನೂಲೂ ಇರಬಾರದು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ನಿಜ. ಆದರೆ ಗುರುತಿಲ್ಲದ ಹೆಂಗಸರ ನಡುವೆ ಹಾಗೆ ಹೋಗುವುದು ಅವಳಿಗೆ ಸಾಧ್ಯವೇ ಇರಲಿಲ್ಲ. 'ನಂಗಾಗಲ್ಲ. ನೀನು ಹೋಗ್ಬಾ.' ನಾನು ಒತ್ತಾಯ ಮಾಡಲಿಲ್ಲ. ಕೋಣೆಯ ಹಿಂದೆ, ತಡಿಕೆಯ ಮರೆಯಲ್ಲಿ, ಹಿನೋಕಿ ಮರದ ಒಂದು ತೊಟ್ಟಿ ಇತ್ತು. ಒಂದು ಬಿದಿರ ಕೊಳವೆಯಿಂದ ನೀರು ಹಗಲೂ ರಾತ್ರಿ ಬೀಳುತ್ತಿರುತ್ತದೆ, ತುಂಬಿ ಹೊರಚೆಲ್ಲುತ್ತಿರುತ್ತದೆ. ಅದರಲ್ಲಿ ಕೂರಲು ಒಂದು ಮೆಟ್ಟಿಲೂ ಇತ್ತು. ಅಮ್ಮ ಮೊದಲು ಪಾದ ಇಟ್ಟಳು, ಆಮೇಲೆ ಮೆಟ್ಟಿಲ ಮೇಲೆ ಕೂತಳು, ಆಮೇಲೆ ಕುತ್ತಿಗೆವರೆಗೂ ಜಾರಿದಳು. ಹತ್ತು ನಿಮಿಷ ಮಾತಿಲ್ಲ. ನಾನು ಗಾಬರಿಯಾಗಿ ಇಣುಕಿದರೆ ಕಣ್ಣು ಮುಚ್ಚಿಕೊಂಡಿದ್ದಳು. 'ಹತ್ತುತ್ತೆ' ಅಂದಳು. 'ಈ ನೀರು ಮೈಗೆ ಹತ್ತುತ್ತೆ.'

ಊಟ ಕೋಣೆಗೇ ಬಂತು. ಆದರೆ ತಗ್ಗು ಮೇಜು ಇರಲಿಲ್ಲ! ನಾವು ಒಳಗೆ ಸ್ನಾನದಲ್ಲಿದ್ದಾಗ ಅದನ್ನು ತೆಗೆದು, ಎತ್ತರದ ಮೇಜು, ಕೈಯಿರುವ ಎರಡು ಕುರ್ಚಿ ಹಾಕಿದ್ದರು. ನಾನು ಕೇಳಿರಲಿಲ್ಲ. ಅಮ್ಮ ಕಂಬ ಹಿಡಿದು ಕೂತದ್ದನ್ನು ನಕಾಯಿ-ಸಾನ್ ನೋಡಿದ್ದರು, ಅಷ್ಟೇ. ದುಬಾರಿ ಹೋಟೆಲುಗಳಲ್ಲಿ ಕಂಪನಿ ಕೆಲಸಕ್ಕೆ ಹೋದಾಗ ಎಷ್ಟೋ ಸಲ ಉಳಿದಿದ್ದೇನೆ. ಅಲ್ಲಿ ಕೇಳಿದ್ದು ತಕ್ಷಣ ಸಿಗುತ್ತದೆ. ಕೇಳುವ ಮೊದಲೇ ಹೀಗೆ ಕಂಡುಕೊಂಡು ಮಾಡಿದ್ದನ್ನು ನಾನು ನೋಡಿದ್ದು ಇಲ್ಲೇ. ರಾತ್ರಿ ಹಾಸಿಗೆ ಹಾಸುವಾಗಲೂ ಅಮ್ಮನ ಫುಟೋನ್ ಕೆಳಗೆ ಇನ್ನೆರಡು ದಪ್ಪ ಹಾಸು ಸೇರಿಸಿದ್ದರು. ಎದ್ದು ನಿಲ್ಲಲು ಸುಲಭವಾಗಲಿ ಅಂತ.

ಊಟಕ್ಕೆ ಕೈಸೆಕಿ ಅನ್ನುತ್ತಾರೆ. ಒಂದಾದ ಮೇಲೊಂದು ಪುಟ್ಟ ಪುಟ್ಟ ತಟ್ಟೆ ಬರುತ್ತದೆ, ಎರಡು ಗಂಟೆ ನಡೆಯುತ್ತದೆ. ಎಳ್ಳು ರುಬ್ಬಿ, ಹಾಲು ಹಿಂಡಿ, ಪಿಷ್ಟ ಸೇರಿಸಿ ಗಟ್ಟಿ ಮಾಡಿದ ಗೋಮಾ ತೋಫು ಮೊದಲು ಬಂತು. 'ಹಾಲುಬಾಯಿ ಥರಾನೇ ಇದೆ, ಸಿಹಿ ಒಂದಿಲ್ಲ' ಅಂದಳು ಅಮ್ಮ. ಹಸಿ ಮೀನಿನ ಜಾಗದಲ್ಲಿ ಯುಬಾ ಇತ್ತು, ಅಂದರೆ ಸೋಯಾ ಹಾಲಿನ ಕೆನೆ. ಅದರ ಜೊತೆ ಒಂದು ಹಸಿರು ಗಡ್ಡೆ ಮತ್ತು ಒಂದು ತುರಿಮಣೆ. ಅದು ವಸಾಬಿ. ಇಜು ಬೆಟ್ಟದ ಝರಿಗಳಲ್ಲಿ, ಹರಿಯುವ ತಣ್ಣೀರಿನಲ್ಲೇ ಇದನ್ನು ಬೆಳೆಯುತ್ತಾರೆ. ಟ್ಯೂಬಿನಲ್ಲಿ ಬರುವ ವಸಾಬಿಯಲ್ಲಿ ಎಷ್ಟೋ ಸಲ ಮೂಲಂಗಿ ಜಾತಿಯ ಇನ್ನೊಂದು ಗೆಡ್ಡೆಯೇ ಜಾಸ್ತಿ. ಹಸಿ ವಸಾಬಿಯನ್ನು ಉಣ್ಣುವಾಗಲೇ ತುರಿಯಬೇಕು, ಸ್ವಲ್ಪ ಹೊತ್ತು ಬಿಟ್ಟರೆ ಖಾರ ಇಳಿದುಹೋಗುತ್ತದೆ. ಅಮ್ಮನೇ ತುರಿದಳು, ನಿಧಾನಕ್ಕೆ, ಸುತ್ತು ಸುತ್ತಾಗಿ, ಗಂಧ ತೇಯುವ ಹಾಗೆ. ನಕಾಯಿ-ಸಾನ್ ಮೆಚ್ಚಿ ನೋಡುತ್ತಿದ್ದರು. ಹಾಗೇ ತುರಿಯಬೇಕಂತೆ. ಒಂದು ಚಿಟಿಕೆ ಬಾಯಿಗಿಟ್ಟು ಅಮ್ಮ ಮೂಗು ಹಿಡಿದುಕೊಂಡಳು, ಕಣ್ಣಲ್ಲಿ ನೀರು. ಆಮೇಲೆ ಇನ್ನೊಂದು ಚಿಟಿಕೆ ತೆಗೆದುಕೊಂಡಳು.

ಕೆಂಡದ ಮೇಲೆ ಸುಟ್ಟ ಶಿಟಾಕೆ ಬಂತು. ಅದೂ ಇಜುವಿನದೇ ಬೆಳೆ, ಅಂಗೈ ಅಗಲ. ಮಿಸೊ, ಅಂದರೆ ಹುದುಗು ಬರಿಸಿದ ಸೋಯಾ ಮುದ್ದೆ, ಹಚ್ಚಿ ಬೇಯಿಸಿದ ಬದನೆಕಾಯಿ ಬಂತು. ಕೊನೆಗೆ ಸಣ್ಣ ಮಡಕೆಯಲ್ಲಿ ಅನ್ನ. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಅಮ್ಮ ಮುಂದೆ ಬಾಗಿದಳು. ಬರೀ ಅನ್ನವನ್ನು, ಏನೂ ಕಲಸದೆ, ಎರಡು ಬಟ್ಟಲು ಉಂಡಳು. ಚೀಲದಲ್ಲಿ ಅಪ್ಪೆಮಿಡಿ ಇತ್ತು. ಅದನ್ನು ತೆಗೆಯಲೇ ಇಲ್ಲ. ಮೊಸರನ್ನ ಮಾತ್ರ ನೆನಪಾಯಿತು ಅಂತ ಮಲಗುವಾಗ ಹೇಳಿದಳು.

ದೀಪ ಆರಿಸಿದ ಮೇಲೆ ಸ್ವಲ್ಪ ಹೊತ್ತು ಹೊಳೆಯ ಸದ್ದು. ಆಮೇಲೆ ಕತ್ತಲಲ್ಲಿ ಅಮ್ಮನ ಮಾತು: 'ಬೆಳಗ್ಗೆ ಎಷ್ಟು ಹೊತ್ತಿಗೆ ಹೋದ್ರೆ ಅಲ್ಲಿ ಜನ ಇರಲ್ಲ?'

ಐದೂವರೆಗೆ ಎದ್ದೆವು. ಮೈ ಬಣ್ಣದ ಪಟ್ಟಿಯನ್ನು ಅಮ್ಮನ ಮುಂಗೈಗೆ ಅಂಟಿಸಿದೆ. ತುಳಸಿ ಕಟ್ಟೆ ಮುಚ್ಚಿತು, ಒಂದೆರಡು ಚುಕ್ಕಿ ಹೊರಗೆ ಉಳಿದವು. ಇನ್ನೊಂದು ಪಟ್ಟಿ ಹಚ್ಚಿದೆ. ಅಮ್ಮ ಸುಮ್ನೆ ನೋಡುತ್ತಿದ್ದಳು. 'ಹೆಂಗಸಿಗೆ ಸತ್ತ ಮೇಲೂ ಜೊತೆಗೆ ಬರೋ ಒಡವೆ ಇದೊಂದೇ ಅಂತ ನಮ್ಮಜ್ಜಿ ಹೇಳ್ತಿದ್ಲು' ಅಂದಳು. ನನಗೆ ಕಸಿವಿಸಿಯಾಯಿತು. ಬೇಡವಾದರೆ ಬಿಡೋಣ ಅಂದೆ. 'ಅವರ ಮನೆ, ಅವರ ರೀತಿ. ಒಂದು ಗಂಟೆ ಮುಚ್ಚಿದ್ರೆ ಎಲ್ಲೂ ಹೋಗಲ್ಲ ಅದು. ನಡಿ.'

ಹೆಂಗಸರ ಸ್ನಾನಗೃಹದ ಬಾಗಿಲಿಗೆ ಕೆಂಪು ಪರದೆ. ಇದನ್ನು ಪ್ರತಿ ಸಲ ನೋಡಿಕೊಂಡೇ ಒಳಗೆ ಹೋಗಬೇಕು. ಎರಡು ಸ್ನಾನಗೃಹಗಳನ್ನೂ ಎಲ್ಲರೂ ನೋಡಲಿ ಅಂತ ರಾತ್ರಿ ಹೊತ್ತು ಗಂಡಸರದನ್ನು ಹೆಂಗಸರಿಗೆ, ಹೆಂಗಸರದನ್ನು ಗಂಡಸರಿಗೆ ಬದಲಾಯಿಸುವ ಪದ್ಧತಿ ತುಂಬಾ ಕಡೆ ಇದೆ. ಒಳಗೆ ಬಟ್ಟೆ ಇಡಲು ಬುಟ್ಟಿಗಳು. ಗೋಡೆಗೆ ನೀರಿನ ಪರೀಕ್ಷೆಯ ಪತ್ರ ಹಾಕಿದ್ದರು, ಅದರಲ್ಲಿ ಏನೇನಿದೆ ಅಂತ ಸಾಲುಸಾಲಾಗಿ ಲೆಕ್ಕ. ಶುಜೆಂಜಿಯ ನೀರು ಸ್ವಲ್ಪ ಕ್ಷಾರದ್ದು. ವಾಸನೆ ಇಲ್ಲ, ಮುಟ್ಟಿದರೆ ಸೀಗೆಕಾಯಿ ತೊಳೆದ ಕೂದಲಿನ ಹಾಗೆ ನುಣುಪು.

ಒಳಗೆ ಹೋದ ಕೂಡಲೇ ನೀರಿಗೆ ಇಳಿಯುವಂತಿಲ್ಲ. ಮೊದಲು ಗೋಡೆಯ ಪಕ್ಕ ಸಣ್ಣ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಮೈಯೆಲ್ಲ ತೊಳೆದುಕೊಳ್ಳಬೇಕು. ನೊರೆ ಒಂದಿಷ್ಟೂ ಉಳಿಯಬಾರದು. ಕೂದಲು ಮೇಲೆ ಕಟ್ಟಬೇಕು. ಆಮೇಲೆ ತೊಟ್ಟಿ. ಸಣ್ಣ ಟವೆಲ್ಲನ್ನು ನೀರಿಗೆ ತಾಗಿಸಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳುತ್ತಾರೆ. ಅಮ್ಮನಿಗೆ ಈ ಕ್ರಮ ತುಂಬಾ ಹಿಡಿಸಿತು. 'ಕೊಳೆ ಹೊರಗೆ ಬಿಟ್ಟು ಕೆರೆಗೆ ಇಳಿಯೋದು. ಹಂಗೇ ಇರ್ಬೇಕು' ಅಂದಳು.

ಮಣೆ ಮೇಲೆ ಅವಳು ಕೂತಳು, ನಾನು ಹಿಂದೆ ಕೂತು ಬೆನ್ನು ಉಜ್ಜಿದೆ. ಅಮ್ಮನ ಬೆನ್ನನ್ನು ನಾನು ಹೀಗೆ ನೋಡಿದ್ದೇ ಇಲ್ಲ. ರವಿಕೆಯ ಗೆರೆ ಇದ್ದಲ್ಲಿಂದ ಕೆಳಗೆ ಬೆಳ್ಳಗೆ, ಮೇಲೆ ಬಿಸಿಲಿಗೆ ಕಂದಿದ ಬಣ್ಣ. ಬೆನ್ನುಮೂಳೆ ಸ್ವಲ್ಪ ಎಡಕ್ಕೆ ವಾಲಿದೆ. ಇಷ್ಟು ವರ್ಷ ತೋಟದಿಂದ ಹೊರೆ ಹೊತ್ತಿದ್ದು ಅದೇ ಪಕ್ಕ. ಭುಜದ ಕೆಳಗೆ ಒಂದು ಮಚ್ಚೆ ಇದೆ, ನನಗೂ ಅದೇ ಜಾಗದಲ್ಲಿ ಇದೆ. ಚಿಕ್ಕವಳಿದ್ದಾಗ ಭಾನುವಾರ ಎಣ್ಣೆ ಹಚ್ಚಿ, ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಹಂಡೆಯಿಂದ ತಂಬಿಗೆ ತಂಬಿಗೆ ನೀರು ಹೊಯ್ಯುತ್ತಿದ್ದ ಕೈ ಇವಳದು. ಈಗ ಮರದ ಸಣ್ಣ ಬಕೆಟ್ಟಿನಿಂದ ನಾನು ಹೊಯ್ದೆ. 'ಇನ್ನೊಂದು ಸ್ವಲ್ಪ ಮೇಲೆ ಉಜ್ಜು. ಹಾಂ, ಅಲ್ಲೇ.'

ಹೊರಗಿನ ತೊಟ್ಟಿ ಕಲ್ಲಿನದು. ಗಾಳಿ ತಣ್ಣಗೆ ಕೊರೆಯುತ್ತಿತ್ತು, ನೀರು ನಲವತ್ತು ಡಿಗ್ರಿಯ ಮೇಲೇ ಇರಬೇಕು. ಹಬೆಯ ಆಚೆ ಒಬ್ಬರು ಅಜ್ಜಿ ಮೊದಲೇ ಕೂತಿದ್ದರು. ಅಮ್ಮ ಒಂದು ಗಳಿಗೆ ನಿಂತಳು. ಅಜ್ಜಿ ನಮ್ಮನ್ನು ದಿಟ್ಟಿಸಲಿಲ್ಲ, ಸ್ವಲ್ಪ ತಲೆ ಬಾಗಿಸಿ 'ಒಹಾಯೋ ಗೊಜಾಯಿಮಾಸು' ಅಂದು ಮತ್ತೆ ಮರದ ಕಡೆ ನೋಡಿದರು. ಅಮ್ಮ 'ನಮಸ್ಕಾರ' ಅಂದಳು, ನೀರಿಗೆ ಇಳಿದಳು. ಮೂವರೂ ಸುಮ್ಮನೆ ಕೂತಿದ್ದೆವು. ಒಂದು ಕೆಂಪು ಎಲೆ ಬಿದ್ದು ಅಮ್ಮನ ಹತ್ತಿರ ತೇಲಿ ಬಂತು. ಹತ್ತು ನಿಮಿಷಕ್ಕೆ ನಾನು ಎಬ್ಬಿಸಿದೆ, ಬಿಸಿ ನೀರಿನಲ್ಲಿ ಹೆಚ್ಚು ಹೊತ್ತು ಕೂತರೆ ತಲೆ ಸುತ್ತುತ್ತದೆ. ಮೇಲೆ ಬಂದು ತಣ್ಣೀರು ಕುಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಅವಳಾಗಿಯೇ ಮತ್ತೆ ಇಳಿದಳು.

ಬೆಳಗಿನ ತಿಂಡಿಯಲ್ಲಿ ಒಂದು ತಪ್ಪಾಯಿತು. ಮಿಸೊ ಸಾರಿನ ಬಟ್ಟಲು ಎತ್ತಿದ ಕೂಡಲೇ ನನಗೆ ಮೀನಿನ ದಾಶಿಯ ವಾಸನೆ ಬಂತು. ಅಮ್ಮನ ಕೈ ತಡೆದು ಕೇಳಿದೆ. ನಕಾಯಿ-ಸಾನ್ ಮುಖ ಬಿಳಚಿಕೊಂಡಿತು. ಬಟ್ಟಲು ತೆಗೆದುಕೊಂಡು ಹೋದರು, ಹೊಸದಾಗಿ ಮಾಡಿಸಿ ತಂದರು. ಮನೆಯ ಯಜಮಾನಿ ಸ್ವತಃ ಬಂದು ನೆಲಕ್ಕೆ ತಲೆ ಬಾಗಿಸಿ ಕ್ಷಮೆ ಕೇಳಿದರು. ಬೆಳಗಿನ ಅಡುಗೆಯವರು ಬೇರೆಯಂತೆ. ಆದ್ದರಿಂದ ಯಾರೇ ಹೋದರೂ ತಿಂಡಿಗೆ ಕೂರುವ ಮೊದಲು ಇನ್ನೊಂದು ಸಲ ಹೇಳಿ, ರಾತ್ರಿ ಸರಿಯಿತ್ತು ಅಂತ ಬಿಡಬೇಡಿ. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಉಪ್ಪು ಹಾಕಿದ ಉಮೆ ಕಾಯಿಯನ್ನು ಅನ್ನದ ಜೊತೆ ಚಪ್ಪರಿಸಿ, 'ಅಪ್ಪೆಮಿಡಿಯ ಪರಿಮಳ ಇಲ್ಲ. ಉಪ್ಪು ಹುಳಿ ಹದವಾಗಿದೆ' ಅಂದಳು.

ಹೊರಡುವ ಹೊತ್ತಿಗೆ ಬಿಲ್ಲು. ಒಬ್ಬರಿಗೆ 58,000 ಯೆನ್, ಮೇಲೆ ತಲೆಗೆ 150 ಯೆನ್ ಸ್ನಾನದ ತೆರಿಗೆ. ಅಮ್ಮ ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇಬ್ಬರದೂ ಸೇರಿ ಅರವತ್ತೈದು ಸಾವಿರ ರೂಪಾಯಿ ಹತ್ತಿರ ಅಂದೆ. 'ಒಂದು ಕ್ವಿಂಟಾಲ್ ಅಡಿಕೆ' ಅಂದಳು. ಮತ್ತೇನೂ ಹೇಳಲಿಲ್ಲ. ಸೇತುವೆವರೆಗೂ ನನ್ನ ಕೈ ಹಿಡಿದುಕೊಂಡು ನಡೆದಳು.

ಹೊಳೆಯ ನಡುವೆ ಬಂಡೆಗಳ ಮೇಲೆ ಒಂದು ಸಣ್ಣ ಮರದ ಮಂಟಪ ಇದೆ. ತೊಕ್ಕೊ-ನೊ-ಯು ಅಂತ ಹೆಸರು. ಈಗ ಅಲ್ಲಿ ಸ್ನಾನ ಮಾಡುವಂತಿಲ್ಲ. ಅದರ ಕಥೆ ಹೇಳಿದೆ. 807ರಲ್ಲಿ ಕೋಬೊ ದಾಯ್ಶಿ ಎಂಬ ಬೌದ್ಧ ಗುರು ಇಲ್ಲಿಗೆ ಬಂದಾಗ ಒಬ್ಬ ಹುಡುಗ ಕಾಯಿಲೆ ಬಿದ್ದ ಅಪ್ಪನ ಮೈಯನ್ನು ಈ ತಣ್ಣೀರಿನಲ್ಲಿ ತೊಳೆಯುತ್ತಿದ್ದನಂತೆ. ಗುರು ಕೈಯಲ್ಲಿದ್ದ ತೊಕ್ಕೊದಿಂದ ಬಂಡೆಗೆ ಹೊಡೆದರು, ಬಿಸಿನೀರು ಚಿಮ್ಮಿತು. ತೊಕ್ಕೊ ಅಂದರೆ ನಮ್ಮ ವಜ್ರಾಯುಧವೇ, ಬೌದ್ಧರ ಜೊತೆ ಚೀನಾ ದಾಟಿ ಇಲ್ಲಿಗೆ ಬಂದದ್ದು. ಅಮ್ಮ ತುಂಬಾ ಹೊತ್ತು ಮಂಟಪವನ್ನೇ ನೋಡುತ್ತಾ ನಿಂತಳು. 'ಆ ಹುಡುಗನ ಹೆಸರೇನು?' ಕಥೆಯಲ್ಲಿ ಹುಡುಗ ಅಂತಷ್ಟೇ ಇದೆ ಅಂದೆ. 'ಗುರುವಿನ ಹೆಸರು ಇಟ್ಕೊಂಡಿದ್ದಾರೆ. ತೊಳೀತಿದ್ದವನು ಅವನಲ್ವಾ?'

ಹೊಳೆಯ ಆಚೆ ದಡದ ಗುಡ್ಡದಲ್ಲಿ ಶಿಗೆತ್ಸುದೆನ್ ಎಂಬ ಹಳೆಯ ಮರದ ಗುಡಿ. ಕಾಮಾಕುರಾದ ಎರಡನೇ ಶೋಗುನ್, ಅಂದರೆ ನಾಡನ್ನಾಳುವ ಸೇನಾಧಿಪತಿ, ಯೊರಿಇಎಯನ್ನು ಈ ಊರಿಗೆ ಕಳಿಸಿ, 1204ರಲ್ಲಿ ಇಲ್ಲೇ ಕೊಂದರು. ಅವನ ತಾಯಿ ಮಾಸಾಕೊ ಮಗನ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಕಟ್ಟಿಸಿದ್ದು ಇದು. ಮೆಟ್ಟಿಲು ಇತ್ತು, ಅಮ್ಮ ಹತ್ತಿದಳು. ಒಳಗೆ ಕೂತ ಬುದ್ಧನಿಗೆ ಕೈ ಮುಗಿದಳು.

ಕೊನೆಗೆ ಶುಜೆಂಜಿ ದೇವಾಲಯ. ಒಳಗೆ ಹೋಗುವ ಮೊದಲು ಕೈ, ಬಾಯಿ ತೊಳೆಯಲು ಒಂದು ಕಲ್ಲಿನ ಮರಿಗೆ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ತಣ್ಣೀರು. ಇಲ್ಲಿ ಬರುವುದು ನೆಲದ ಬಿಸಿನೀರು, ಅದನ್ನು ನಾನು ಅವಳಿಗೆ ಬೇಕೆಂದೇ ಹೇಳಿರಲಿಲ್ಲ. ಅಮ್ಮ ಎಡಗೈ ಮುಂದೆ ಚಾಚಿದಳು. ಪಟ್ಟಿಯನ್ನು ಬೆಳಗ್ಗೆಯೇ ಕಿತ್ತಿದ್ದೆವು, ಹಚ್ಚೆಯ ಸುತ್ತ ಇನ್ನೂ ಅಂಟಿನ ಗೆರೆ ಇತ್ತು. ನೀರು ತಾಗಿದ ಕೂಡಲೇ ನನ್ನ ಕಡೆ ತಿರುಗಿದಳು.

'ಬಿಸಿ ಇದೆಯಲ್ಲೇ!'

ಹೆಬ್ಬೆರಳಿನಿಂದ ಆ ಅಂಟನ್ನು ಉಜ್ಜಿ ತೊಳೆದಳು. ಆಮೇಲೆ ಒಂದು ಬೊಗಸೆ ನೀರು ಹಿಡಿದು, ತೀರ್ಥದ ಹಾಗೆ ಒಂದಿಷ್ಟು ಕುಡಿದು, ಉಳಿದದ್ದನ್ನು ಮೊದಲು ನನ್ನ ತಲೆಗೆ ಸವರಿದಳು.